ಒಡೆದ ಕಾಂಕ್ರೀಟಿನ ಜಲ್ಲಿಯೋ, ಇಟ್ಟಿಗೆ ಬೆರೆತ ಜಲ್ಲಿಯೋ?

ಕೆಡವಿದ ಕಟ್ಟಡದಿಂದ ಎರಡು ಬಗೆಯ ಜಲ್ಲಿ ಸಿಗುತ್ತದೆ. ಇಟ್ಟಿಗೆ, ಟೈಲ್ಸ್ ಬೆರೆತದ್ದು ಎಂ15ಕ್ಕಿಂತ (ಎಂ ಅಂದರೆ ಕಾಂಕ್ರೀಟಿನ ಬಲದ ದರ್ಜೆ) ಕೆಳಗಿನ, ಪಾಯದಡಿ ಹಾಸುವ ಬೆಡ್ ಕಾಂಕ್ರೀಟಿಗೆ ಮಾತ್ರ. ಅಲ್ಲಿ ಜಲ್ಲಿ, ಮರಳಿನ ಭಾರತೀಯ ಮಾನದಂಡ ಐಎಸ್ 383:2016 ಪ್ರಕಾರ ಒಟ್ಟು ಜಲ್ಲಿಯ 100% ಇದನ್ನೇ ಹಾಕಬಹುದು, ಕಂಬಿ ಇರುವಲ್ಲಿ ಬೇಡವೇ ಬೇಡ. ಬರೀ ಕಾಂಕ್ರೀಟ್ ಒಡೆದದ್ದಾದರೆ ಕಂಬಿಯಿಲ್ಲದ ಕೆಲಸಕ್ಕೆ 25%, ಎಂ25ರವರೆಗಿನ ಆರ್‌ಸಿಸಿಗೆ (ಕಂಬಿ ಹಾಕಿದ ಕಾಂಕ್ರೀಟ್) 20% ತನಕ ಸರಿ. ಎರಡೂ ಕಲಸಿದ ಲೋಡ್ ಬಂದರೆ ಇಟ್ಟಿಗೆ ಜಲ್ಲಿಯೆಂದೇ ಲೆಕ್ಕ ಹಿಡಿಯಿರಿ.

ಎರಡರಲ್ಲೂ ಕಾಡುವುದು ನೀರು. ಕಾಂಕ್ರೀಟ್ ಜಲ್ಲಿಗೆ ಅಂಟಿದ ಹಳೇ ಗಾರೆ ನೀರು ಹೀರುತ್ತದೆ. ಇಟ್ಟಿಗೆ ಚೂರು ಇನ್ನೂ ಜಾಸ್ತಿ. ಒಣಗಿದ್ದನ್ನೇ ಮಿಕ್ಸರಿಗೆ ಸುರಿದರೆ ಸ್ಲಂಪ್ (ಹಸಿ ಕಾಂಕ್ರೀಟಿನ ಮೆದುತನ) ಬೇಗ ಇಳಿಯುತ್ತದೆ, ಮೇಸ್ತ್ರಿ ಮತ್ತೆ ನೀರು ಹಾಕಿಸುತ್ತಾರೆ, ಬಲ ಕುಗ್ಗುತ್ತದೆ. ಹಿಂದಿನ ರಾತ್ರಿಯೇ ರಾಶಿ ನೆನೆಸಿ, ಮೇಲ್ಮೈ ಆರಿದ ಮೇಲೆ ಬಳಸಿ. ಬೆಳ್ಳಗಿನ ಜಿಪ್ಸಮ್ ಪ್ಲಾಸ್ಟರ್ ತುಣುಕು ಕಂಡರೆ ಲೋಡನ್ನೇ ವಾಪಸ್ ಕಳಿಸಿ: ಅದರ ಸಲ್ಫೇಟಿನಿಂದ ಕಾಂಕ್ರೀಟ್ ಉಬ್ಬಿ ಬಿರಿಯುತ್ತದೆ.