ಅಪ್‌ಲೋಡ್ ನಿಧಾನ ಅಂತ ಬಾಗಿಲೆಲ್ಲ ತೆರೆದಿಟ್ಟವನ ಕಥೆ

ಫೈಲನ್ನು ತುಂಡು ಮಾಡಿ ಒಬ್ಬರಿಂದೊಬ್ಬರಿಗೆ ಹಂಚುವ ಟೊರೆಂಟಿನಲ್ಲಿ ಅಪ್‌ಲೋಡ್ ಓಡುತ್ತಿಲ್ಲ ಅಂತ ರೌಟರಿನಲ್ಲಿ ಡಿಎಮ್‌ಝಡ್ ಅನ್ನುವ ದೊಡ್ಡ ಬಾಗಿಲು ತೆರೆದು, ಹೊರಗಿನವರನ್ನು ತಡೆಯುವ ವಿಂಡೋಸ್ ಫೈರ್‌ವಾಲ್ ಬಂದ್ ಮಾಡಿ ಕೂತವರು ಯಾರಾದರೂ ಇದ್ದೀರಾ? ಇದ್ದರೆ ಮೊದಲು ಎದ್ದು ಹೋಗಿ ಅವೆರಡನ್ನೂ ಸರಿಮಾಡಿ ಬನ್ನಿ. ಕಥೆ ಆಮೇಲೆ ಓದಿದರೂ ನಡೆಯುತ್ತದೆ.

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ, ತೋಟದ ನಡುವೆ. ಅಪ್ಪನಿಗೆ ತಾಳಮದ್ದಳೆಯ ಹುಚ್ಚು. ನಮ್ಮ ಚಾವಡಿಯಲ್ಲಿ, ನೆಂಟರ ಮನೆಗಳಲ್ಲಿ ಕೂಟ ನಡೆದಾಗಲೆಲ್ಲ ಟೇಪ್ ರೆಕಾರ್ಡರ್ ಹಿಡಿದು ಎದುರಿಗೆ ಕೂರುತ್ತಿದ್ದರು. ಹಾಗೆ ಉಳಿದದ್ದು 90 ನಿಮಿಷದ 42 ಕ್ಯಾಸೆಟ್. ಕಳೆದ ಬೇಸಗೆಯಲ್ಲಿ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿದೆ. ಒಂದೊಂದು ಕ್ಯಾಸೆಟ್ ಸುಮಾರು 950 ಎಂಬಿ, ಒಟ್ಟು 40 ಜಿಬಿ. ಅರ್ಥ ಹೇಳಿದವರೆಲ್ಲ ಊರಿನವರೇ, ಹಂಚುವುದಕ್ಕೆ ಯಾರ ತಕರಾರೂ ಇರಲಿಲ್ಲ. ಟೊರೆಂಟ್ ಅಂದ ಕೂಡಲೇ ಕದ್ದ ಸಿನಿಮಾ ನೆನಪಾಗುವವರಿಗಾಗಿ ಇಷ್ಟು ಹೇಳಿದೆ. 2001ರಲ್ಲಿ ಬ್ರಾಮ್ ಕೋಹೆನ್ ಬಿಟ್‌ಟೊರೆಂಟ್ ಮಾಡಿದ್ದೇ ದೊಡ್ಡ ಫೈಲಿನ ಹೊರೆ ಒಬ್ಬನ ತಲೆಯ ಮೇಲೆ ಬೀಳದಿರಲಿ ಅಂತ.

ಬೇಕು ಅಂದವರು ಮೂವರು. ಬೆಂಗಳೂರಿನಲ್ಲಿ ಅಕ್ಕನ ಮಗ, ಪುತ್ತೂರಿನಲ್ಲಿ ಭಾವ, ಮಂಗಳೂರಿನಲ್ಲಿ ಚಿಕ್ಕಪ್ಪ. ಕ್ಯೂಬಿಟ್‌ಟೊರೆಂಟ್ ಅನ್ನುವ ಪ್ರೋಗ್ರಾಮ್ ಹಾಕಿದೆ, ಟೊರೆಂಟ್ ಫೈಲ್ ಮಾಡಿ ಕಳಿಸಿದೆ. ನಮ್ಮದು ಫೈಬರ್ ಲೈನು, 100 ಎಂಬಿ ಪ್ಲಾನು. ಟೆಸ್ಟ್ ಮಾಡಿದರೆ ಅಪ್‌ಲೋಡೂ 96 ತೋರಿಸುತ್ತದೆ. ಆದರೆ ಟೊರೆಂಟಿನಲ್ಲಿ ಸೆಕೆಂಡಿಗೆ 50 ಕೆಬಿ. ಬೆಳಿಗ್ಗೆ 50. ಮಧ್ಯಾಹ್ನ 50. ರಾತ್ರಿ ಹನ್ನೊಂದಕ್ಕೆ ನೋಡಿದರೂ 50.

ಪುತ್ತೂರಿನ ಭಾವ ಎರಡು ದಿನಕ್ಕೊಮ್ಮೆ ಫೋನು. "ಭಾವಾ, ನಿಮ್ಮ ಫೈಲು ನಡೆದುಕೊಂಡು ಬರುತ್ತಿದೆಯಾ ಎಂತ?"

ಬೆಂಗಳೂರಿನ ಅಳಿಯನಿಗೆ ಇದು ಐದು ನಿಮಿಷದ ಕೆಲಸ. ಆದರೆ ಮಾವ ಅನ್ನಿಸಿಕೊಂಡವನು ಅಳಿಯನ ಹತ್ತಿರ ಕೇಳುವುದು ಹೇಗೆ? ಸುಮ್ನೆ ಒಂದು ವಿಡಿಯೋ ನೋಡಿದೆ. 'ಅಪ್‌ಲೋಡ್ ಹತ್ತು ಪಟ್ಟು' ಅಂತ ಅದರ ತಲೆಬರಹ. ಅದರಲ್ಲಿ ಹೇಳಿದ್ದನ್ನೆಲ್ಲ ಸಾಲಾಗಿ ಮಾಡಿದೆ. ರೌಟರಿಗೆ ಲಾಗಿನ್ ಆಗಿ ಪೋರ್ಟ್ ಫಾರ್ವರ್ಡ್ ಮಾಡಿದೆ, ಅಂದರೆ ಟೊರೆಂಟಿಗೆ ಅಂತ ಒಂದು ಬಾಗಿಲು (ಪೋರ್ಟ್) ತೆರೆದೆ, ಆಗಲಿಲ್ಲ. ಪ್ರೋಗ್ರಾಮೇ ತನಗೆ ಬೇಕಾದ ಬಾಗಿಲು ತೆರೆಸಿಕೊಳ್ಳುವ ಯುಪಿಎನ್‌ಪಿ ಆನ್ ಮಾಡಿದೆ, ಆಗಲಿಲ್ಲ. ಕಂಪ್ಯೂಟರನ್ನೇ ಡಿಎಮ್‌ಝಡ್‌ಗೆ ಹಾಕಿದೆ. ಅಂದರೆ ಹೊರಗಿನಿಂದ ರೌಟರಿಗೆ ಬಂದದ್ದನ್ನೆಲ್ಲ ಈ ಒಂದು ಕಂಪ್ಯೂಟರಿಗೆ ಕಳಿಸು ಅಂತ. ಫೈರ್‌ವಾಲನ್ನೂ ಬಂದ್ ಮಾಡಿದೆ. ಏನೂ ಬದಲಾಗಲಿಲ್ಲ. ಕ್ಯೂಬಿಟ್‌ಟೊರೆಂಟಿನ ಕೆಳಗಿನ ಪಟ್ಟಿಯಲ್ಲಿ ಬೆಂಕಿಯ ಗುರುತು ಹಾಗೇ ಉರಿಯುತ್ತಿತ್ತು. ಹೊರಗಿನವರು ನಿನ್ನನ್ನು ಮುಟ್ಟಲಾರರು ಅಂತ ಅದರ ಅರ್ಥ.

ಬೇಜಾರಾಗಿ ಬಿಟ್ಟೆ. ಮಾಡಿದ್ದನ್ನು ಯಾವುದನ್ನೂ ಹಿಂದಕ್ಕೆ ಹಾಕಲಿಲ್ಲ. ನನ್ನ ತಪ್ಪು ಇದೇ. ಪರಿಣಾಮ ಇಲ್ಲ ಅಂದಮೇಲೆ ಅಪಾಯವೂ ಇಲ್ಲ ಅಂದುಕೊಂಡೆ.

ಪರಿಣಾಮ ಯಾಕೆ ಇರಲಿಲ್ಲ ಅಂದರೆ, ನಮ್ಮ ಲೈನು ಸಿಜಿನ್ಯಾಟ್ ಒಳಗಿತ್ತು. ಹಳೇ ನಮೂನೆಯ ಐಪಿ ವಿಳಾಸಗಳ ಕೊನೆಯ ಕಟ್ಟುಗಳನ್ನು 2011ರ ಫೆಬ್ರವರಿಯಲ್ಲೇ ಹಂಚಿ ಮುಗಿಸಿದ್ದಾರೆ. ಹಾಗಾಗಿ ಇಂಟರ್ನೆಟ್ ಕೊಡುವವರು ಒಂದೇ ವಿಳಾಸದ ಹಿಂದೆ ನೂರಾರು ಮನೆಗಳನ್ನು ಕೂರಿಸುತ್ತಾರೆ. ಇದೇ ಸಿಜಿನ್ಯಾಟ್. ಒಂದೇ ಪೋಸ್ಟ್ ಬಾಕ್ಸಿನಲ್ಲಿ ಇಡೀ ಊರಿನ ಕಾಗದ ಬಂದ ಹಾಗೆ. ನಿಮ್ಮ ರೌಟರಿನ ವ್ಯಾನ್ ಐಪಿ (ರೌಟರಿಗೆ ಹೊರಗಿನಿಂದ ಸಿಕ್ಕ ವಿಳಾಸ) 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ನಿಮ್ಮದೂ ಇದೇ ಕಥೆ. ನೀವು ಮನೆಯ ಬಾಗಿಲು ಎಷ್ಟು ತೆರೆದರೂ ಗೇಟಿನ ಬೀಗ ಅವರ ಕೈಯಲ್ಲಿ. ನೀವು ಹೊರಗೆ ಹೋಗಬಹುದು, ಹೊರಗಿನವರು ತಾವಾಗಿ ಒಳಗೆ ಬರುವ ಹಾಗಿಲ್ಲ. ಅಳಿಯನ ಪೋರ್ಟ್ ತೆರೆದಿತ್ತು, ನಾನೇ ಹೋಗಿ ಅವನಿಗೆ ಮುಟ್ಟಿಸುತ್ತಿದ್ದೆ. ಪುತ್ತೂರಿಗೂ ಮಂಗಳೂರಿಗೂ ಬೆಂಗಳೂರಿನಿಂದಲೇ ತಿರುಗಿ ಹೋಗುತ್ತಿತ್ತು.

ಲೈನ್ ನೋಡಲು ಬಂದ ಹುಡುಗನಿಗೆ ಹೇಳಿದೆ. ಅವನು ಫೋನಿನಿಂದ ತಲೆ ಎತ್ತದೆ, "ಸ್ಟ್ಯಾಟಿಕ್ ಐಪಿ ಎಡುತ್ತಾ ಮದಿ" ಅಂದ. ಮಲಯಾಳದಲ್ಲಿ ಹೇಳಿದ್ದು: ನಮ್ಮ ಲೈನಿಗೇ ಅಂತ ಬದಲಾಗದ ಒಂದು ವಿಳಾಸ ತೆಗೆದುಕೊಂಡರೆ ಸಾಕು. ತಿಂಗಳಿಗೆ ಸ್ವಲ್ಪ ಜಾಸ್ತಿ ಕೊಟ್ಟು ತೆಗೆದುಕೊಂಡೆ. ಮರುದಿನವೇ ಬೆಂಕಿ ಆರಿ ಹಸಿರು ಗುರುತು ಬಂತು. ನನಗೆ ಎಷ್ಟು ಖುಷಿ! ಸ್ಪೀಡ್ ಮಾತ್ರ ಅದೇ 50.

ಈಗ ಯೋಚಿಸಿ. ಗೇಟಿನ ಬೀಗ ತೆಗೆದಾಯಿತು. ಒಳಗೆ ಡಿಎಮ್‌ಝಡ್ ಹಾಗೇ ಇದೆ, ಫೈರ್‌ವಾಲ್ ಇಲ್ಲ. ಸಾಲದ್ದಕ್ಕೆ, ಮಹಡಿಯ ಕಂಪ್ಯೂಟರನ್ನು ಚಾವಡಿಯ ಲ್ಯಾಪ್‌ಟಾಪಿನಿಂದ ನೋಡಲಿಕ್ಕೆ ಅಂತ ಯಾವಾಗಲೋ ರಿಮೋಟ್ ಡೆಸ್ಕ್‌ಟಾಪ್ ಆನ್ ಮಾಡಿದ್ದೆ. ಪಾಸ್‌ವರ್ಡ್ ಏನು ಗೊತ್ತಾ? ಮನೆಯ ಹೆಸರು, ಮುಂದೆ 123.

ನಾಲ್ಕನೇ ದಿನ ಬೆಳಿಗ್ಗೆ ಕಾಫಿ ಹಿಡಿದು ಮಹಡಿ ಹತ್ತಿದೆ. ಟೊರೆಂಟಿನ ಸಾಲು ಕೆಂಪಾಗಿತ್ತು. ಫೈಲ್ ಸಿಗುತ್ತಿಲ್ಲ ಅಂತ. ಹಾರ್ಡ್ ಡಿಸ್ಕಿನ ವಯರು ಸಡಿಲ ಆಗಿರಬೇಕು ಅಂದುಕೊಂಡು ಫೋಲ್ಡರ್ ತೆರೆದೆ. ಕ್ಯಾಸೆಟ್‌ಗಳ ಹೆಸರು ಇದೆ, ಆದರೆ ಪ್ರತಿಯೊಂದರ ಬಾಲಕ್ಕೆ ಓದಲಾಗದ ಅಕ್ಷರಗಳ ಗೊಂಚಲು. 'ಭೀಷ್ಮ ವಿಜಯ' ಒತ್ತಿದರೆ ಏನೂ ಕೇಳುವುದಿಲ್ಲ. ಮಗಳ ಮದುವೆಯ ಫೋಟೋಗಳಿಗೂ ಅದೇ ಬಾಲ. ಪಕ್ಕದಲ್ಲಿ ಒಂದು ಟೆಕ್ಸ್ಟ್ ಫೈಲು: ಹಣ ಬಿಟ್‌ಕಾಯಿನ್‌ನಲ್ಲಿ ಕೊಡು, ಬೀಗದ ಕೈ ಕೊಡುತ್ತೇವೆ. ಬ್ಯಾಕಪ್ಪಿನ ಡಿಸ್ಕನ್ನೂ ಅದೇ ಕಂಪ್ಯೂಟರಿಗೆ ಚುಚ್ಚಿಟ್ಟಿದ್ದೆ. ಅದೂ ಹೋಗಿತ್ತು.

ಈಗ ಅಳಿಯನಿಗೆ ಫೋನ್ ಮಾಡದೆ ವಿಧಿ ಇರಲಿಲ್ಲ. ಮೊದಲು ನೆಟ್ ವಯರ್ ಕಿತ್ತು ತೆಗೆಸಿದ. ಆಮೇಲೆ ಕಂಪ್ಯೂಟರಿನಲ್ಲಿ ನಡೆದದ್ದರ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆರೆಸಿದ. ಸೆಕ್ಯೂರಿಟಿ ಪಟ್ಟಿಯಲ್ಲಿ 4625, 4625, 4625. ತಪ್ಪು ಪಾಸ್‌ವರ್ಡ್ ಹಾಕಿದ ಲೆಕ್ಕ ಅದು. ಸ್ಟ್ಯಾಟಿಕ್ ಐಪಿ ಬಂದ ದಿನದಿಂದಲೇ ಶುರು, ಸಾವಿರಗಟ್ಟಲೆ. ನಡುವೆ ರಾತ್ರಿ ಎರಡೂವರೆಗೆ ಹೊರಗಿನ ವಿಳಾಸದಿಂದ ಒಂದೇ ಒಂದು 4624, ಅಂದರೆ ಪಾಸ್‌ವರ್ಡ್ ಸರಿಹೋದ ಲೆಕ್ಕ. ಒಳಗೆ ಬಂದದ್ದು ಆಗ. ನನ್ನ ಮೇಲೆ ದ್ವೇಷ ಇದ್ದವರು ಯಾರೂ ಅಲ್ಲ. ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟ್ ಎಲ್ಲಿ ತೆರೆದಿದೆ ಅಂತ ಹಗಲೂ ರಾತ್ರಿ ಹುಡುಕುವ ಯಂತ್ರಗಳಿವೆ, ಅವಕ್ಕೆ ಬದಿಯಡ್ಕವೂ ಒಂದೇ ಬೆಂಗಳೂರೂ ಒಂದೇ.

ಹಣ ಕೊಡಲಿಲ್ಲ. ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. 'ನೋ ಮೋರ್ ರ್ಯಾನ್ಸಮ್' ಅನ್ನುವ ತಾಣದಲ್ಲಿ ಕೆಲವು ಜಾತಿಯ ಬೀಗಗಳಿಗೆ ಉಚಿತ ಕೈ ಸಿಗುತ್ತದೆ. ನನ್ನದಕ್ಕೆ ಸಿಗಲಿಲ್ಲ.

ಆ 50ರ ಗುಟ್ಟು? ನಾನು ಹಿಂದೆ ಕಳಿಸಿದ್ದ ಒಂದು ಸ್ಕ್ರೀನ್‌ಶಾಟ್ ನೋಡಿ ಅಳಿಯ ಕೇಳಿದ, "ಮಾವ, ಗ್ರಾಫ್ ಗೆರೆ ಎಳೆದ ಹಾಗೆ ಯಾಕಿದೆ?" ನೆಟ್ ನಿಜವಾಗಿ ನಿಧಾನ ಇದ್ದರೆ ಏರುತ್ತದೆ, ಇಳಿಯುತ್ತದೆ. ನೇರ ಗೆರೆ ಅಂದರೆ ಯಾರೋ ಮಿತಿ ಹಾಕಿದ್ದಾರೆ ಅಂತಲೇ. ಹಾಕಿದವನು ನಾನೇ. ಮೊದಲ ದಿನ, ಮನೆಯವರ ಟಿವಿಗೂ ನೆಟ್ ಉಳಿಯಲಿ ಅಂತ ಅಪ್‌ಲೋಡ್ ಮಿತಿಯ ಜಾಗದಲ್ಲಿ 50 ಅಂತ ಬರೆದಿದ್ದೆ. ನೂರರಲ್ಲಿ ಅರ್ಧ, 50 ಎಂಬಿ, ಅನ್ನುವ ಲೆಕ್ಕ. ಅಲ್ಲಿರುವುದು ಸೆಕೆಂಡಿಗೆ ಕೆಬಿಯ ಲೆಕ್ಕ. ಪ್ಲಾನಿನ ಎಂಬಿ ಬಿಟ್‌ನಲ್ಲಿ, ಟೊರೆಂಟಿನ ಕೆಬಿ ಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆ ಲೆಕ್ಕದಲ್ಲಿ ನನ್ನ 96 ಅಂದರೆ ಸೆಕೆಂಡಿಗೆ 12 ಎಂಬಿ, 40 ಜಿಬಿ ಒಂದು ಗಂಟೆಯೊಳಗೆ ಮುಗಿಯಬೇಕು. 50 ಕೆಬಿಯಲ್ಲಾದರೆ ಕರೆಂಟ್ ಹೋಗದೆ ಇದ್ದರೂ ಒಂಬತ್ತು ದಿನಕ್ಕೂ ಜಾಸ್ತಿ. ನಮ್ಮಲ್ಲಿ ಆಟಿ ತಿಂಗಳ ಮಳೆಗೆ ಕರೆಂಟ್ ಹೋಗದೆ ಇರುವುದುಂಟಾ!

ಹಾಗಾಗಿ ನಿಮ್ಮ ಅಪ್‌ಲೋಡ್ ನಿಧಾನ ಇದ್ದರೆ ರೌಟರ್ ಮುಟ್ಟುವ ಮೊದಲು ಆ ಮಿತಿಯ ಅಂಕಿ ನೋಡಿ. ಪೂರ್ತಿ ತೆಗೆಯುವುದೂ ಬೇಡ. ಅಪ್‌ಲೋಡ್ ತುಂಬಿ ಹೋದರೆ 'ಬಂತು, ಮುಂದಿನದು ಕಳಿಸು' ಅನ್ನುವ ಸಣ್ಣ ಉತ್ತರಗಳಿಗೂ ದಾರಿ ಇಲ್ಲದೆ ಡೌನ್‌ಲೋಡ್ ಕೂಡ ನಿಧಾನ ಆಗುತ್ತದೆ. ಟೆಸ್ಟಿನಲ್ಲಿ ಸಿಕ್ಕ ಅಪ್‌ಲೋಡ್ ವೇಗದ ನೂರಕ್ಕೆ 80ರಷ್ಟನ್ನು ಕೆಬಿ ಲೆಕ್ಕಕ್ಕೆ ತಿರುಗಿಸಿ ಇಡಿ. ಆಮೇಲೆ ವೈಫೈ ಬಿಟ್ಟು ವಯರ್ ಹಾಕಿ ನೋಡಿ. ನಮ್ಮ ಮುರಕಲ್ಲಿನ ಗೋಡೆ ಎರಡು ದಾಟುವಷ್ಟರಲ್ಲಿ ಸಿಗ್ನಲ್ ಅರೆಜೀವ. ಎದುರಿನವರ ಡೌನ್‌ಲೋಡ್ ಮಿತಿಯನ್ನೂ ಕೇಳಿ, ತೆಗೆದುಕೊಳ್ಳುವವನು ನಿಧಾನ ಇದ್ದರೆ ನೀವೇನು ಮಾಡುವುದು? ಇಷ್ಟರಲ್ಲೂ ಸರಿಯಾಗದಿದ್ದರೆ ಮಾತ್ರ ವ್ಯಾನ್ ಐಪಿ ನೋಡಿ. ಸ್ಟ್ಯಾಟಿಕ್ ಐಪಿ ತೆಗೆದುಕೊಳ್ಳುವ ಹಿಂದಿನ ದಿನವೇ ಡಿಎಮ್‌ಝಡ್ ತೆಗೆಯಿರಿ, ಫೈರ್‌ವಾಲ್ ಹಾಕಿ, ರಿಮೋಟ್ ಡೆಸ್ಕ್‌ಟಾಪ್ ಬಂದ್ ಮಾಡಿ. ಟೊರೆಂಟಿಗೆ ಬೇಕಾದ್ದು ಒಂದೇ ಒಂದು ಪೋರ್ಟ್. ಅದನ್ನು ಮಾತ್ರ ತೆರೆಯಿರಿ.

ಕ್ಯಾಸೆಟ್‌ಗಳ ಕಥೆ ಹೇಳುವುದು ಬಾಕಿ ಇದೆ. ಟೊರೆಂಟ್ ಸಾಮಾನ್ಯವಾಗಿ ತುಂಡುಗಳನ್ನು ಅಲ್ಲೊಂದು ಇಲ್ಲೊಂದು ಎತ್ತಿಕೊಂಡು ಬರುತ್ತದೆ. ಹಾಗೆ ಬಂದಿದ್ದರೆ ಮುಕ್ಕಾಲು ತಲುಪಿಯೂ ಒಂದು ಕ್ಯಾಸೆಟ್ ಕೂಡ ಇಡಿಯಾಗಿ ಸಿಗುತ್ತಿರಲಿಲ್ಲ. ಅಳಿಯನಿಗೆ ತಾಳ್ಮೆ ಕಡಿಮೆ. ಬಂದಷ್ಟು ಕೇಳೋಣ ಅಂತ ಕ್ರಮವಾಗಿ ಇಳಿಸುವ ಆಯ್ಕೆಗೆ ಟಿಕ್ ಹಾಕಿದ್ದ. ಅವನಲ್ಲಿ 29 ಕ್ಯಾಸೆಟ್ ಪೂರ್ತಿ ಇತ್ತು. ಉಳಿದ 13ನ್ನು ಮತ್ತೆ ಡೆಕ್ಕಿಗೆ ಹಾಕುತ್ತಿದ್ದೇನೆ. 11 ಆಯಿತು. ಎರಡಕ್ಕೆ ಮಳೆಗಾಲದ ಬೂಷ್ಟು ಹಿಡಿದಿದೆ. ಒಂದರ ಟೇಪನ್ನು ನಿನ್ನೆ ಹತ್ತಿಯಿಂದ ಒರೆಸಿ ತಿರುಗಿಸಿದೆ, ಚೆಂಡೆ ಕೇಳುತ್ತದೆ, ಮಾತು ಇನ್ನೂ ಬಂದಿಲ್ಲ.