‘ಕಾರ್ಬನ್ ಆದಾಯ’ ಇರುವ ಜಮೀನು ಕೊಳ್ಳುವ ಮುನ್ನ ಇದನ್ನು ಓದಿ

ಆಸ್ಟ್ರೇಲಿಯಾದಲ್ಲಿ ದನ, ಕುರಿ ಮೇಯಿಸುವ ಜಮೀನು ಕೊಳ್ಳಲು ಹೊರಟವರು ‘ಕಾರ್ಬನ್ ಆದಾಯವೂ ಇದೆ’ ಎಂಬ ಮಾತಿಗೆ ಮರುಳಾಗಬೇಡಿ. ಆ ಆದಾಯದ ಬೆನ್ನಿಗೆ ಎಂಥ ಹೊಣೆ ಅಂಟಿಕೊಂಡು ಬರುತ್ತದೆ ಎಂಬುದನ್ನು ನೈರುತ್ಯ ಕ್ವೀನ್ಸ್‌ಲ್ಯಾಂಡಿನ ನಮ್ಮ ಕುಟುಂಬದ ಜಮೀನಿನಲ್ಲಿ ಈಗಲೂ ಅನುಭವಿಸುತ್ತಿದ್ದೇವೆ.

ಯೋಜನೆ ಕೇಳುವುದಕ್ಕೆ ಸರಳ: ಜಮೀನಿನಲ್ಲಿ ಕಾಡು ಬೆಳೆಯಲು ಬಿಟ್ಟು, ಅದು ಹೀರುವ ಇಂಗಾಲಕ್ಕೆ ಸರ್ಕಾರ ಕೊಡುವ ಕ್ರೆಡಿಟ್‌ಗಳನ್ನು ಮಾರಿ ಹಣ ಪಡೆಯುವುದು. ಸಸಿ ನೆಡಬೇಕಿಲ್ಲ. ದನಗಳ, ಕಾಡುಮೇಕೆಗಳ ಬಾಯಿಯಿಂದಲೂ ಬುಲ್ಡೋಜರಿನಿಂದಲೂ ನೆಲವನ್ನು ಕಾಪಾಡಿದರೆ ಅಲ್ಲಿಯದೇ ಆದ ಮರಗಳು ತಾವಾಗಿ ಮೇಲೇಳುತ್ತವೆ. ಎರಡು ಮೀಟರ್ ಎತ್ತರ ಬೆಳೆದು, ಅವುಗಳ ಹಂದರ ನೆಲದ ಶೇ. 20ರಷ್ಟನ್ನು ಮುಚ್ಚಿದರೆ ಅದು ಕಾಡು. ಹೀರಿಕೊಂಡ ಒಂದು ಟನ್ ಇಂಗಾಲದ ಡೈಆಕ್ಸೈಡ್‌ಗೆ ಒಂದು ಕ್ರೆಡಿಟ್. ಎಷ್ಟು ಹೀರಿತು ಎಂಬುದನ್ನು ಮರ ಅಳೆದು ಹೇಳುವುದಿಲ್ಲ, ಕಂಪ್ಯೂಟರ್ ಮಾದರಿ ಲೆಕ್ಕ ಹಾಕುತ್ತದೆ.

ಬರ ಬಂದರೆ ಹೇಗೆಂದು ನಮ್ಮ ತಂದೆ, ಕ್ರೆಡಿಟ್‌ನಲ್ಲಿ ಪಾಲು ಪಡೆದು ಈ ಯೋಜನೆ ನಡೆಸಿಕೊಡುವ ಕಂಪನಿಯ ಪ್ರತಿನಿಧಿಯನ್ನು ನೇರವಾಗಿಯೇ ಕೇಳಿದ್ದರು. ‘ನಿಮ್ಮ ಮಾಮೂಲು ಕೆಲಸಕ್ಕೆ ಏನೂ ಅಡ್ಡಿಯಿಲ್ಲ ಸರ್’ ಎಂದಿದ್ದ.

ಆ ಸೀಮೆಯಲ್ಲಿ ಬರದ ಮಾಮೂಲು ಕೆಲಸವೆಂದರೆ ಮುಲ್ಗಾ ಕೆಡವುವುದು. ಜಾಲಿಯ ಕುಲದ ಮರವದು. ಹುಲ್ಲು ಸುಟ್ಟುಹೋದಾಗ ದನಗಳ ಜೀವ ಹಿಡಿಯುವುದು ಅದರ ಸೊಪ್ಪೇ. ಯಂತ್ರದ ಸದ್ದು ಕಿವಿಗೆ ಬಿದ್ದರೆ ಸಾಕು, ದೂರದಲ್ಲಿದ್ದ ಬಡಕಲು ಹಸುಗಳೂ ಧೂಳೆಬ್ಬಿಸಿಕೊಂಡು ಬರುತ್ತವೆ. ಬಿದ್ದ ಮರದ ಬೂದು ಬಣ್ಣದ ಸಪುರ ಎಲೆಗಳನ್ನು ಕಡ್ಡಿಯಷ್ಟೇ ಉಳಿಯುವ ಹಾಗೆ ತರಿಯುತ್ತವೆ. ಮಳೆ ಕೈಕೊಟ್ಟ ವರ್ಷ ನಾವು ಯಂತ್ರ ಹೊರಡಿಸಿದಾಗ ಅದೇ ಕಂಪನಿ ತಡೆಯಿತು. ಮೇವಿಗೆ ಮರ ಕೆಡವುವಂತಿಲ್ಲ ಎಂಬ ಷರತ್ತು ಕರಾರಿನ ಅನುಬಂಧದಲ್ಲಿತ್ತು. ನಮ್ಮ ದಟ್ಟ ಮುಲ್ಗಾ ಎಲ್ಲವೂ ಅವರ ನಕಾಶೆಯ ಗೆರೆಯೊಳಗಿತ್ತು. ಸಾಕಿ ಬೆಳೆಸಿದ ದನಗಳನ್ನು ಬಂದ ಬೆಲೆಗೆ ಮಾರಿದೆವು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಅಲ್ಲಿಗೇ ಮುಗಿಯಲಿಲ್ಲ. 2022ರಲ್ಲಿ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಪ್ರೊಫೆಸರ್ ಆಂಡ್ರ್ಯೂ ಮ್ಯಾಕಿಂಟಾಷ್ ಈ ವಿಧಾನದ ಕ್ರೆಡಿಟ್‌ಗಳನ್ನೇ ಬಹಿರಂಗವಾಗಿ ಪ್ರಶ್ನಿಸಿದರು: ಅಲ್ಲಿ ಮರ ಹೆಚ್ಚು ಕಡಿಮೆ ಆಗುವುದು ಮುಖ್ಯವಾಗಿ ಮಳೆಯಿಂದ, ಮೇಯುವಿಕೆಯಿಂದಲ್ಲ ಎಂಬುದು ಅವರ ವಾದ. ಸರ್ಕಾರ ನೇಮಿಸಿದ ಇಯಾನ್ ಚಬ್ ಸಮಿತಿ ಒಟ್ಟು ವ್ಯವಸ್ಥೆ ಸರಿಯಿದೆ ಎಂದಿತು; ಈ ವಿಧಾನ ಮಾತ್ರ ತನ್ನ ಅವಧಿ ಮುಗಿದು 2023ರ ಸೆಪ್ಟೆಂಬರ್‌ನಲ್ಲಿ ಹೊಸ ಯೋಜನೆಗಳಿಗೆ ಮುಚ್ಚಿತು. ಹಳೆಯ ಯೋಜನೆಗಳು ನಡೆಯುತ್ತಲೇ ಇವೆ. ಕಾಡು ಬೆಳೆಯುತ್ತಿದೆಯೇ ಎಂಬ ತಪಾಸಣೆಯಲ್ಲಿ ನಮ್ಮ ಜಮೀನಿನ ಒಂದು ಭಾಗ ಬಿದ್ದುಹೋಯಿತು. ಅದರ ಹೆಸರಿನಲ್ಲಿ ಈಗಾಗಲೇ ಬಂದಿದ್ದ ಕ್ರೆಡಿಟ್‌ಗಳ ಲೆಕ್ಕ ಸರಿದೂಗುವ ತನಕ ಹೊಸದು ಬರುವುದಿಲ್ಲ. ಕಂಪನಿ ತನ್ನ ಪಾಲನ್ನು ಮೊದಲೇ ಎತ್ತಿಕೊಂಡಾಗಿದೆ.

ಆದ್ದರಿಂದ ಅಂಥ ಜಮೀನು ನೋಡುವಾಗ ಮೊದಲು ಕೇಳಬೇಕಾದದ್ದು ಕಾಡನ್ನು ಎಷ್ಟು ವರ್ಷ ಉಳಿಸಬೇಕೆಂದು: 25ಕ್ಕೋ, 100ಕ್ಕೋ? 25 ಎಂದರೆ ಶೇ. 20ರಷ್ಟು ಕ್ರೆಡಿಟ್ ಕಡಿತ. 100 ಎಂದರೆ ನಿಮ್ಮ ಮೊಮ್ಮಕ್ಕಳಿಗೂ ಕಟ್ಟು. ಈವರೆಗೆ ಎಷ್ಟು ಕ್ರೆಡಿಟ್ ಬಂದಿವೆ, ಯಾರು ಮಾರಿಕೊಂಡರು, ನಡುವೆ ಯೋಜನೆ ಬಿಟ್ಟರೆ ಅಷ್ಟನ್ನೂ ಮರಳಿಸುವವರು ಯಾರು ಎಂಬುದನ್ನು ಬರಹದಲ್ಲಿ ಪಡೆಯಿರಿ. ಆ ಕ್ರೆಡಿಟ್‌ಗಳು ಕೈಯಲ್ಲಿಲ್ಲದಿದ್ದರೆ ಅಂದಿನ ಮಾರುಕಟ್ಟೆ ಬೆಲೆಗೆ ಕೊಂಡು ಒಪ್ಪಿಸಬೇಕಾಗುತ್ತದೆ. ಬರಕ್ಕೆಂದು ಗೆರೆಯ ಹೊರಗೆ ಎಷ್ಟು ಮುಲ್ಗಾ ಉಳಿದಿದೆ ಎಂದು ನಕಾಶೆ ಹಿಡಿದು ಜಮೀನು ಸುತ್ತಿ ನೋಡಿ. ಕರಾರು ಓದುವ ವಕೀಲರು ನೀವೇ ಗೊತ್ತುಮಾಡಿದವರಾಗಿರಲಿ, ಕಂಪನಿ ತೋರಿಸಿದವರಲ್ಲ.