ಉರು ಹೊಡೆದ ಪದ, ಬಿಡಿಸಿ ಓದಿದ ಪದ

ಕನ್ನಡ ಮಾಧ್ಯಮದ ಒಂಬತ್ತನೆಯ ತರಗತಿಯ ಕೆಲವು ಮಕ್ಕಳಿಗೆ ಸಂಜೆ ಮನೆಯಲ್ಲಿ ಇಂಗ್ಲಿಷ್ ಹೇಳಿಕೊಡುವ ನಾನು, ಮೊದಲ ಮೂರು ತಿಂಗಳು ದಿನಕ್ಕೆ 10 ಪದಗಳನ್ನು ಕನ್ನಡ ಅರ್ಥದೊಂದಿಗೆ ಬರೆಸಿ ಬಾಯಿಪಾಠ ಮಾಡಿಸಿದೆ. ಮುಂದಿನ ಮೂರು ತಿಂಗಳು ಪದಗಳನ್ನು ಉಪಸರ್ಗ, ಮೂಲ, ಪ್ರತ್ಯಯಗಳಾಗಿ ಬಿಡಿಸಿ ಕಲಿಸಿದೆ.

ಪಟ್ಟಿಯಿಂದ ಕಲಿತ ಪದ ಬೇಗ ಬಾಯಿಗೆ ಬರುತ್ತದೆ, ಆದರೆ ವಾಕ್ಯದೊಳಗೆ ಎಲ್ಲಿ ಕೂರಬೇಕೆಂದು ತಿಳಿಯದೆ ತಡವರಿಸುತ್ತದೆ. ‘ಸಕ್ಸೆಸ್’ ಎಂದರೆ ಯಶಸ್ಸು ಎಂದು ಕಲಿತಿದ್ದ ಹುಡುಗಿಯೊಬ್ಬಳು ‘ಶೀ ಈಸ್ ಸಕ್ಸೆಸ್’ ಎಂದು ಬರೆದಿದ್ದಳು. ಆ ಪದದ ಅರ್ಥ ಅವಳಿಗೆ ಗೊತ್ತಿತ್ತು, ಅದು ನಾಮಪದವೆಂಬುದು ಗೊತ್ತಿರಲಿಲ್ಲ. ‘ಫುಲ್’ ಸೇರಿದರೆ ವಿಶೇಷಣ, ಅದರ ಮೇಲೆ ‘ಲಿ’ ಸೇರಿದರೆ ಕ್ರಿಯಾವಿಶೇಷಣ ಎಂದು ತೋರಿಸಿದ ಮೇಲೆ, ‘ಕೇರ್’ ಮತ್ತು ‘ಹೋಪ್’ ಪದಗಳಿಂದ ಕೇರ್‌ಫುಲ್, ಹೋಪ್‌ಫುಲಿ ಎಂದು ತಾನೇ ಕಟ್ಟಿಕೊಂಡಳು.

ಬಿಡಿಸಿ ಓದುವುದು ನಮ್ಮ ಮಕ್ಕಳಿಗೆ ಹೊಸ ವಿದ್ಯೆಯೇನೂ ಅಲ್ಲ. ಆಹಾರ, ವಿಹಾರ, ಸಂಹಾರ, ಪರಿಹಾರ ಎಂಬಲ್ಲಿ ‘ಹಾರ’ ಹಾಗೆಯೇ ಉಳಿದು ಉಪಸರ್ಗವಷ್ಟೇ ಬದಲಾಗುವುದನ್ನು ಬಲ್ಲವರಿಗೆ, ಒಯ್ಯು ಎಂಬ ಅರ್ಥದ ಲ್ಯಾಟಿನ್ ಮೂಲದ ‘ಪೋರ್ಟ್’ ಎಂಬುದು ಇಂಪೋರ್ಟ್, ಎಕ್ಸ್‌ಪೋರ್ಟ್, ಟ್ರಾನ್ಸ್‌ಪೋರ್ಟ್‌ಗಳಲ್ಲಿ ಒಳಕ್ಕೆ, ಹೊರಕ್ಕೆ, ಆಚೆಗೆ ಒಯ್ಯುವುದಾಗುತ್ತದೆ ಎಂಬುದು ಒಂದೇ ಸಂಜೆಗೆ ಮನಸ್ಸಿಗಿಳಿಯಿತು. ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಸಂಧಿಯ ಪಾಠ. ಉತ್ ಮತ್ತು ಲಾಸ ಸೇರಿ ಉಲ್ಲಾಸವಾದಂತೆಯೇ, ಅಲ್ಲ ಎಂಬರ್ಥದ ‘ಇನ್’ ಲಕಾರದೆದುರು ‘ಇಲ್’ ಆಗಿ ಇಲ್ಲೀಗಲ್, ರಕಾರದೆದುರು ‘ಇರ್’ ಆಗಿ ಇರ್ರೆಗ್ಯುಲರ್ ಆಗುತ್ತದೆಂದು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆದೆ. ಅಲ್ಲಿಂದಾಚೆಗೆ ಆ ಪದಗಳ ಜೋಡಿ ಅಕ್ಷರಗಳಲ್ಲಿ ಒಂದನ್ನು ಬಿಟ್ಟು ಬರೆಯುವ ತಪ್ಪು ಬಹುಮಟ್ಟಿಗೆ ನಿಂತಿತು.

ಈ ಕ್ರಮಕ್ಕೂ ಅಪಾಯವಿದೆ. ಪೆಟ್ರೋಲ್ ಟ್ಯಾಂಕರಿನ ಮೇಲಿರುವ ‘ಹೈಲಿ ಇನ್‌ಫ್ಲೇಮಬಲ್’ ಎಂಬುದನ್ನು ಹುಡುಗನೊಬ್ಬ ಬೆಂಕಿ ಹತ್ತದ್ದು ಎಂದು ಬಿಡಿಸಿ ಓದಿದ. ಅಲ್ಲಿನ ‘ಇನ್’ ನಿಷೇಧವಲ್ಲ, ಹೊತ್ತಿಸು ಎಂಬ ಅರ್ಥದ ಲ್ಯಾಟಿನ್ ಕ್ರಿಯಾಪದದ ಭಾಗ ಎಂದು ಅವನಿಗೆ ಗಾಬರಿಯಿಂದಲೇ ತಿದ್ದಿ ಹೇಳಿದೆ. ‘ಅಂಡರ್‌ಸ್ಟ್ಯಾಂಡ್’ ಪದವನ್ನು ಬಿಡಿಸಿದರೂ ಮಕ್ಕಳಿಗೆ ಏನೂ ಸಿಗುವುದಿಲ್ಲ.

ಇನ್ನು ‘ಗೋ, ವೆಂಟ್, ಗಾನ್’ ಬಗೆಯ ಕ್ರಿಯಾಪದಗಳಿಗೆ ಪಟ್ಟಿಯೇ ಗತಿ. ‘ಅವನನ್ನು ಅವಲಂಬಿಸು’ ಎನ್ನುವ ನಾವು ಇಂಗ್ಲಿಷಿನಲ್ಲಿ ‘ಆನ್’ ಬಿಟ್ಟುಬಿಡುವುದು ಸಹಜವಾದ್ದರಿಂದ, ‘ಡಿಪೆಂಡ್ ಆನ್’ ಎಂಬುದನ್ನು ಸಹ ಒಂದೇ ಪದವೆಂಬಂತೆ ಉರು ಹೊಡೆಸುತ್ತೇನೆ. ಹೀಗಾಗಿ ಈಗ ಸಂಜೆಯ ಪಾಠ ಮಗ್ಗಿಯ ಧಾಟಿಯಲ್ಲಿ ಇವುಗಳನ್ನು ಹೇಳಿಸುವುದರಿಂದ ಶುರುವಾಗುತ್ತದೆ. ಉಳಿದ ಹೊತ್ತೆಲ್ಲ ಪದ ಬಿಡಿಸುವುದಕ್ಕೆ ಮೀಸಲು.